ಜೀಪಿನ ಚಾಲನಾ ಶಾಫ್ಟು: ದುರಸ್ತಿಯೋ, ಬದಲಾವಣೆಯೋ?

ಎಂಜಿನ್ನಿನ ಬಲವನ್ನು ನಾಲ್ಕೂ ಚಕ್ರಗಳಿಗೆ ಒದಗಿಸುವ ವಾಹನಗಳು ನಮ್ಮ ದೇಶಕ್ಕೆ ಹೊಸತಲ್ಲ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಯನ್ನು ಆರಂಭಿಸಿತು. 1985ರಲ್ಲಿ ಮಾರುತಿ ಜಿಪ್ಸಿ ರಸ್ತೆಗೆ ಇಳಿಯಿತು. ಕೊಡಗಿನ ಕಾಫಿ ತೋಟಗಳಿಂದ ಹಿಡಿದು ಹಿಮಾಲಯದ ತಪ್ಪಲಿನವರೆಗೆ, ಡಾಂಬರು ಮುಗಿದ ಮೇಲೆ ಉಳಿಯುವ ದಾರಿಗಳಲ್ಲಿ ಇಂದಿಗೂ ಓಡುತ್ತಿರುವ ಇಂತಹ ಹಳೆಯ ವಾಹನಗಳು ಅನೇಕ. ಮುಂಬಯಿ, ಪುಣೆಗಳಂತಹ ನಗರಗಳಲ್ಲಿ ನೆಲೆಸಿರುವವರಲ್ಲಿಯೂ ಹಳೆಯ ಜೀಪೊಂದನ್ನು ಕೊಂಡು, ಅದರಲ್ಲಿ ಘಟ್ಟದ ದಾರಿ ಹಿಡಿದು ಊರಿಗೆ ಹೋಗಿಬರುವ ಹವ್ಯಾಸಿಗಳಿದ್ದಾರೆ. ಈ ವಾಹನಗಳಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಯುವ, ಎಲ್ಲಕ್ಕಿಂತ ಕಡಿಮೆ ಗಮನ ಪಡೆಯುವ ಭಾಗವೆಂದರೆ ಚಾಲನಾ ಶಾಫ್ಟು. ಅದು ಸವೆದಾಗ ಯಾವುದನ್ನು ದುರಸ್ತಿ ಮಾಡಿಸಬಹುದು, ಯಾವುದನ್ನು ಕಡ್ಡಾಯವಾಗಿ ಬದಲಾಯಿಸಬೇಕು ಎಂಬುದನ್ನು ವಾಹನದ ಒಡೆಯನು ತಾನೇ ತಿಳಿದಿರುವುದು ಅವಶ್ಯ. ಇಲ್ಲಿ ತಪ್ಪಿದರೆ ಹೋಗುವುದು ಹಣ ಮಾತ್ರವಲ್ಲ.

ಅನುವಾದಕರಾದ ನಾವು ಕಾಗದದ ಮೇಲೆ 'ಚಾಲಕ ದಂಡ' ಎಂದು ಬರೆದೇವು. ಆದರೆ ಗ್ಯಾರೇಜಿನಲ್ಲಿ ಆ ಹೆಸರು ಹೇಳಿದರೆ ಮೆಕ್ಯಾನಿಕನು ಮುಖ ನೋಡುತ್ತಾನಲ್ಲದೆ ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವುದಿಲ್ಲ. ಆದುದರಿಂದ ಇಲ್ಲಿ ಗ್ಯಾರೇಜಿನ ಮಾತುಗಳನ್ನೇ ಬಳಸಲಾಗಿದೆ.

ರಚನೆ ಮತ್ತು ಕಾರ್ಯ

ಜೀಪಿನ ಎಂಜಿನ್ನಿನ ಬಲವು ಗಿಯರ್ ಪೆಟ್ಟಿಗೆಯನ್ನು ದಾಟಿ 'ಟ್ರಾನ್ಸ್‌ಫರ್ ಕೇಸ್' ಎಂಬ ಇನ್ನೊಂದು ಪೆಟ್ಟಿಗೆಗೆ ಬರುತ್ತದೆ. ಅಲ್ಲಿಂದ ಎರಡು ಉದ್ದನೆಯ ಪ್ರೊಪೆಲ್ಲರ್ ಶಾಫ್ಟುಗಳು ಹೊರಡುತ್ತವೆ: ಒಂದು ಹಿಂದಿನ ಅಚ್ಚಿಗೆ, ಇನ್ನೊಂದು ಮುಂದಿನ ಅಚ್ಚಿಗೆ. ಪ್ರತಿ ಅಚ್ಚಿನ ನಡುವೆ ಇರುವ ಡಿಫರೆನ್ಷಿಯಲ್ ಆ ಬಲವನ್ನು ಎಡಬಲಗಳಿಗೆ ಹಂಚುತ್ತದೆ. ಅಲ್ಲಿಂದ ಚಕ್ರದವರೆಗೆ ಅದನ್ನು ಒಯ್ಯುವವು ಅಚ್ಚಿನ ಒಳಗೆ ಅಡಗಿರುವ ಗಟ್ಟಿ ಉಕ್ಕಿನ ಆಕ್ಸಲ್ ಶಾಫ್ಟುಗಳು.

ಪ್ರೊಪೆಲ್ಲರ್ ಶಾಫ್ಟು ಟೊಳ್ಳಾಗಿರುತ್ತದೆ. ಇದು ಉಕ್ಕು ಉಳಿಸುವ ಜಿಪುಣತನವಲ್ಲ. ದಂಡವೊಂದನ್ನು ತಿರುಚಿದಾಗ ಒತ್ತಡವನ್ನು ಹೊರುವುದು ಅದರ ಹೊರಮೈ. ನಡುವಿನ ಲೋಹಕ್ಕೆ ಹೆಚ್ಚು ಕೆಲಸವಿರುವುದಿಲ್ಲ. ಬಿದಿರಿನ ಗಳುವು ಟೊಳ್ಳಾಗಿದ್ದೂ ಗಟ್ಟಿಯಾಗಿರುವಂತೆ, ಕೊಳವೆಯ ಆಕಾರದ ಶಾಫ್ಟು ಹಗುರವಾಗಿದ್ದೂ ಬಲವಾಗಿರುತ್ತದೆ. ಆದರೆ ಬಿದಿರಿನಂತೆಯೇ, ಗೋಡೆಯಲ್ಲಿ ಒಂದು ತಗ್ಗು ಬಿದ್ದರೆ ಅದರ ಬಲ ಅಲ್ಲಿಯೇ ಕುಂದುತ್ತದೆ.

ಅಚ್ಚು ಸ್ಪ್ರಿಂಗಿನ ಮೇಲೆ ಏರಿ ಇಳಿಯುವುದರಿಂದ ಶಾಫ್ಟಿನ ಎರಡು ತುದಿಗಳಲ್ಲಿಯೂ ಬಾಗಬಲ್ಲ ಕೀಲು ಬೇಕಾಗುತ್ತದೆ. ಇದೇ ಯೂನಿವರ್ಸಲ್ ಜಾಯಿಂಟು. 16ನೆಯ ಶತಮಾನದ ಇಟಲಿಯ ಗಣಿತಜ್ಞ ಕಾರ್ಡಾನೊ ಮತ್ತು 17ನೆಯ ಶತಮಾನದ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಇವರ ಹೆಸರುಗಳೂ ಇದಕ್ಕೆ ಅಂಟಿಕೊಂಡಿವೆ. ಇದರ ರಚನೆ ಸರಳ. ಎರಡು ಕವೆಗಳು, ಅವುಗಳ ನಡುವೆ ಕೂಡಿಸುಚಿಹ್ನೆಯ ಆಕಾರದ ಒಂದು ಉಕ್ಕಿನ ತುಂಡು. ಕವೆಗೆ 'ಯೋಕ್' ಎನ್ನುತ್ತಾರೆ. ನೊಗ ಎಂದೇ ಅದರ ಅರ್ಥ. ನಡುವಿನ ತುಂಡಿಗೆ 'ಕ್ರಾಸ್' ಎಂದು ಹೆಸರು. ಕ್ರಾಸಿನ ನಾಲ್ಕು ತೋಳುಗಳ ಮೇಲೆ ನಾಲ್ಕು ಪುಟ್ಟ ಬಟ್ಟಲುಗಳು, ಪ್ರತಿ ಬಟ್ಟಲಿನ ಒಳಗೆ ಸೂಜಿಯಂತಹ ಸಣ್ಣ ರೋಲರುಗಳ ಸಾಲು. ಅಚ್ಚು ಏರಿಳಿದಾಗ ಶಾಫ್ಟಿನ ಉದ್ದವೂ ಕೊಂಚ ಹೆಚ್ಚು ಕಡಿಮೆಯಾಗಬೇಕಾಗಿರುವುದರಿಂದ, ಒಂದರೊಳಗೊಂದು ಜಾರುವ ಹಲ್ಲುಗಳುಳ್ಳ ಒಂದು ಸೇರುವೆಯೂ ಇರುತ್ತದೆ. ಇದು ಸ್ಪ್ಲೈನ್.

ಈ ಕೀಲಿಗೆ ಒಂದು ವಿಚಿತ್ರ ಗುಣವಿದೆ. ಬಾಗಿದ ಸ್ಥಿತಿಯಲ್ಲಿ ತಿರುಗುವಾಗ ಒಂದು ಕಡೆಯ ವೇಗ ಒಂದೇ ಸಮನಾಗಿದ್ದರೂ ಇನ್ನೊಂದು ಕಡೆಯ ವೇಗ ಪ್ರತಿ ಸುತ್ತಿನಲ್ಲಿ ಎರಡು ಬಾರಿ ಏರಿ ಇಳಿಯುತ್ತದೆ. ಕೀಲು 20 ಡಿಗ್ರಿ ಬಾಗಿದ್ದರೆ ಈ ಏರಿಳಿತ ಶೇಕಡ 6ರಷ್ಟಾಗುತ್ತದೆ. ಶಾಫ್ಟಿನ ಎರಡೂ ತುದಿಗಳ ಯೋಕುಗಳು ಒಂದೇ ಸಮತಲದಲ್ಲಿದ್ದು, ಎರಡೂ ಕೀಲುಗಳು ಸಮಾನವಾಗಿ ಬಾಗಿದ್ದರೆ, ಮೊದಲ ಕೀಲು ಹುಟ್ಟಿಸಿದ ಏರಿಳಿತವನ್ನು ಎರಡನೆಯದು ಅಳಿಸಿಹಾಕುತ್ತದೆ. ಬಿಚ್ಚಿದ ಶಾಫ್ಟನ್ನು ಮರಳಿ ಜೋಡಿಸುವಾಗ ಸ್ಪ್ಲೈನ್ ಒಂದು ಹಲ್ಲು ಆಚೀಚೆಯಾದರೂ ಈ ಹೊಂದಾಣಿಕೆ ಕೆಡುತ್ತದೆ. ಹೊಸ ಕ್ರಾಸ್ ಹಾಕಿಸಿಯೂ ವಾಹನ ಮೊದಲಿಗಿಂತ ಹೆಚ್ಚು ನಡುಗುತ್ತಿದೆ ಎಂಬ ದೂರಿನ ಹಿಂದೆ ಅನೇಕ ವೇಳೆ ಇರುವುದು ಇದೇ ಕಾರಣ.

ಸವಕಳಿಯ ಲಕ್ಷಣಗಳು

ನಿಂತ ವಾಹನವನ್ನು ಹೊರಡಿಸುವಾಗ, ಅಥವಾ ಮೊದಲ ಗಿಯರಿನಿಂದ ರಿವರ್ಸಿಗೆ ಬದಲಿಸುವಾಗ 'ಟಕ್' ಎಂಬ ಲೋಹದ ಸದ್ದು ಬಂದರೆ ಕ್ರಾಸ್ ಅಥವಾ ಸ್ಪ್ಲೈನ್ ಸವೆದಿರಬಹುದು. ನಿಧಾನ ವೇಗದಲ್ಲಿ ಗುಬ್ಬಚ್ಚಿಯ ಚಿಲಿಪಿಲಿಯಂತಹ ಸದ್ದು ಕೇಳಿಬಂದರೆ ಬಟ್ಟಲಿನೊಳಗಿನ ಗ್ರೀಸು ಒಣಗಿದೆಯೆಂದು ತಿಳಿಯಬೇಕು. ಬಟ್ಟಲಿನ ಅಂಚಿನಲ್ಲಿ ಕೆಂಗಂದು ಬಣ್ಣದ ತುಕ್ಕಿನ ಪುಡಿ ಕಂಡರೆ ಸಂಶಯವೇ ಉಳಿಯುವುದಿಲ್ಲ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಇಡೀ ವಾಹನ ಕಂಪಿಸುವುದು ಶಾಫ್ಟು ಬಾಗಿರುವುದರ ಅಥವಾ ಸಮತೋಲ ತಪ್ಪಿರುವುದರ ಸೂಚನೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಜೀಪಿನ ಚಕ್ರ ನಿಮಿಷಕ್ಕೆ ಸುಮಾರು 450 ಸುತ್ತು ತಿರುಗುತ್ತದೆ. ಡಿಫರೆನ್ಷಿಯಲಿನ ಅನುಪಾತ ನಾಲ್ಕೂವರೆ ಎಂದಿಟ್ಟುಕೊಂಡರೆ ಶಾಫ್ಟು ಸುಮಾರು 2,000 ಸುತ್ತು ತಿರುಗುತ್ತಿರುತ್ತದೆ. ಆ ವೇಗದಲ್ಲಿ ಸ್ವಲ್ಪ ತೂಕದ ವ್ಯತ್ಯಾಸವೂ ದೊಡ್ಡ ಪೆಟ್ಟಾಗುತ್ತದೆ.

ಪರೀಕ್ಷೆಗೆ ಕೈಗಳೇ ಸಾಕು. ಚಕ್ರಗಳಿಗೆ ಬೆಣೆ ಕೊಟ್ಟು ಗಿಯರನ್ನು ನ್ಯೂಟ್ರಲಿನಲ್ಲಿರಿಸಿ, ಕೀಲಿನ ಎರಡು ಬದಿಗಳನ್ನು ಎರಡು ಕೈಗಳಲ್ಲಿ ಹಿಡಿದು ವಿರುದ್ಧ ದಿಕ್ಕಿಗೆ ತಿರುಚಬೇಕು. ಇಡೀ ಶಾಫ್ಟು ಕೊಂಚ ತಿರುಗುವುದು ಸಹಜ. ಅದು ಡಿಫರೆನ್ಷಿಯಲಿನ ಹಲ್ಲುಗಳ ಸಡಿಲ. ಆದರೆ ಕ್ರಾಸಿಗೂ ಯೋಕಿಗೂ ನಡುವೆ ಕಣ್ಣಿಗೆ ಕಾಣುವಷ್ಟು ಅಲುಗಾಟವಿದ್ದರೆ ಕ್ರಾಸಿನ ಆಯುಸ್ಸು ಮುಗಿದಿದೆ.

ಈ ಸವಕಳಿಗೆ ನಾವೇ ಕಾರಣರಾಗುವುದೂ ಉಂಟು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ವೃತ್ತದಲ್ಲಿ ಸಾಗುತ್ತವೆ. ಹಳೆಯ ಜೀಪು, ಜಿಪ್ಸಿಗಳಲ್ಲಿ ಫೋರ್ ವೀಲ್ ಹಾಕಿದಾಗ ಎರಡು ಶಾಫ್ಟುಗಳೂ ಒಂದೇ ವೇಗಕ್ಕೆ ಬಿಗಿಯಲ್ಪಡುತ್ತವೆ. ಕೆಸರಿನಲ್ಲಿ ಚಕ್ರ ಜಾರಿ ಈ ವ್ಯತ್ಯಾಸ ತಾನೇ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಅವಕಾಶವಿಲ್ಲದೆ ಆ ತಿರುಚು ಶಾಫ್ಟು ಮತ್ತು ಕೀಲುಗಳಲ್ಲಿಯೇ ಉಳಿಯುತ್ತದೆ. ಮುಂದೆ ಹೊಸ ಟಯರು, ಹಿಂದೆ ಸವೆದ ಟಯರು ಹಾಕಿ ಓಡಿಸಿದರೂ ಪರಿಣಾಮ ಇದೇ. ಲೋ ಗಿಯರಿನ ವಿಷಯವಂತೂ ಬೇರೆಯೇ. ಮೊದಲ ಗಿಯರು ಎಂಜಿನ್ನಿನ ತಿರುಚು ಬಲವನ್ನು ಮೂರು ಪಟ್ಟು, ಲೋ ಗಿಯರು ಮತ್ತೆ ಎರಡು ಪಟ್ಟು ಹೆಚ್ಚಿಸುವುದೆಂದುಕೊಂಡರೂ, ಶಾಫ್ಟುಗಳ ಮೇಲೆ ಬೀಳುವುದು ಆರು ಪಟ್ಟು ಬಲ. ಹೂತ ಜೀಪಿನಲ್ಲಿ ಕ್ಲಚ್ಚನ್ನು ಹಠಾತ್ತನೆ ಬಿಟ್ಟಾಗ ಶಾಫ್ಟು ಮುರಿದರೆ ಆಶ್ಚರ್ಯಪಡಬೇಕಾದುದಿಲ್ಲ.

ಮೊದಲು ಕಲ್ಲು, ಆಮೇಲೆ ಸ್ಪ್ಯಾನರು

ಗುಡ್ಡದ ದಾರಿಯಲ್ಲಿ ಜೀಪು ನಿಂತೊಡನೆ ಚಾಲಕನು ಕೆಳಗಿಳಿದು ಚಕ್ರಕ್ಕೆ ಕಲ್ಲೊಂದನ್ನು ಒತ್ತಿಡುವುದನ್ನು ಓದುಗರು ಕಂಡಿರಬಹುದು. ವಿಲ್ಲಿಸ್ ವಿನ್ಯಾಸದ ಹಳೆಯ ಜೀಪುಗಳಲ್ಲಿ ಈ ರೂಢಿಗೆ ಬಲವಾದ ಕಾರಣವಿದೆ. ಅವುಗಳ ಹ್ಯಾಂಡ್ ಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಹಿಂದಿನ ಶಾಫ್ಟು ಹೊರಡುವ ಜಾಗದಲ್ಲಿರುವ ಡ್ರಮ್ಮನ್ನು ಹಿಡಿಯುತ್ತದೆ. ಅಂದರೆ ಬ್ರೇಕಿಗೂ ಚಕ್ರಕ್ಕೂ ನಡುವಿನ ಸಂಬಂಧವೇ ಆ ಶಾಫ್ಟು. ಟು ವೀಲಿನಲ್ಲಿರುವ ಜೀಪಿನ ಹಿಂದಿನ ಶಾಫ್ಟನ್ನು ಬಿಚ್ಚಿದ ಕ್ಷಣದಲ್ಲಿ ಹ್ಯಾಂಡ್ ಬ್ರೇಕು ನಿರುಪಯುಕ್ತವಾಗುತ್ತದೆ. ಗಿಯರಿನಲ್ಲಿ ನಿಲ್ಲಿಸಿದ್ದರೂ ಅಷ್ಟೆ. ಇಳಿಜಾರಿನಲ್ಲಿದ್ದರೆ ವಾಹನವು ಅದರ ಕೆಳಗೆ ಮಲಗಿರುವವನ ಮೇಲೆಯೇ ಹರಿಯುತ್ತದೆ.

ಶಾಫ್ಟು ಬಿಚ್ಚದಿದ್ದರೂ ಅಪಾಯ ತಪ್ಪಿದ್ದಲ್ಲ. ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಿಂದ ಎತ್ತಿದಾಗ, ಶಾಫ್ಟು ಬಿಗಿಯಾಗಿ ನಿಂತಿದ್ದರೂ ಡಿಫರೆನ್ಷಿಯಲಿನ ಮೂಲಕ ಎತ್ತಿದ ಚಕ್ರ ಒಂದು ಕಡೆಗೂ ನೆಲದ ಮೇಲಿನ ಚಕ್ರ ಇನ್ನೊಂದು ಕಡೆಗೂ ತಿರುಗಬಲ್ಲವು. ಬ್ರೇಕು ಎಳೆದಿದ್ದೇನೆಂಬ ಧೈರ್ಯದಲ್ಲಿರುವಾಗಲೇ ವಾಹನ ಜಾಕಿನಿಂದ ಜಾರುತ್ತದೆ. ಆದುದರಿಂದ ಸಮತಟ್ಟಾದ ಗಟ್ಟಿ ನೆಲ, ನೆಲದ ಮೇಲಿರುವ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಬೆಣೆ, ಎತ್ತಿದ ಭಾಗಕ್ಕೆ ಗಟ್ಟಿಮುಟ್ಟಾದ ಸ್ಟ್ಯಾಂಡು ಇವಿಲ್ಲದೆ ಯಾರೂ ವಾಹನದ ಕೆಳಗೆ ನುಸುಳಬಾರದು. ಜಾಕು ಎತ್ತುವುದಕ್ಕೆ ಇರುವ ಸಾಧನ, ಹೊತ್ತು ನಿಲ್ಲುವುದಕ್ಕಲ್ಲ.

ದುರಸ್ತಿಯ ಮಿತಿ

ಕ್ರಾಸ್ ಸವೆದಿದ್ದರೆ ಇಡೀ ಶಾಫ್ಟನ್ನು ಬದಲಾಯಿಸಬೇಕಾಗಿಲ್ಲ. ಬಟ್ಟಲುಗಳು, ಸರ್ಕ್ಲಿಪ್ಪುಗಳ ಸಮೇತ ಕ್ರಾಸಿನ ಕಿಟ್ಟು ಬಿಡಿಭಾಗದ ಅಂಗಡಿಗಳಲ್ಲಿ ದೊರೆಯುತ್ತದೆ. ಒಂದೇ ಬಟ್ಟಲು ಹಾಳಾಗಿದ್ದರೂ ಕಿಟ್ಟನ್ನು ಪೂರ್ತಿಯಾಗಿ ಹಾಕಿಸತಕ್ಕದ್ದು.

ಬಿಚ್ಚುವ ಮುನ್ನ ಯೋಕು, ಫ್ಲೇಂಜು ಮತ್ತು ಸ್ಪ್ಲೈನಿನ ಎರಡು ಭಾಗಗಳ ಮೇಲೆ ಎದುರುಬದುರಾಗಿ ಅಳಿಯದ ಗುರುತು ಮಾಡಿಕೊಳ್ಳಬೇಕು. ಒಂದು ತುದಿ ಬಿಚ್ಚಿದೊಡನೆ ಶಾಫ್ಟನ್ನು ಇನ್ನೊಂದು ಕೀಲಿನಿಂದ ಜೋತಾಡಲು ಬಿಡಬಾರದು. ತಂತಿಯಿಂದ ಮೇಲಕ್ಕೆ ಕಟ್ಟಬೇಕು. ಬಟ್ಟಲುಗಳನ್ನು ವೈಸಿನಲ್ಲಿಟ್ಟು ಒತ್ತಿ ತೆಗೆಯುವುದೇ ಸರಿಯಾದ ಕ್ರಮ. ಯೋಕಿನ ಕಿವಿಗಳ ಮೇಲೆ ಸುತ್ತಿಗೆಯಿಂದ ಬಡಿದರೆ ಅವು ಬಾಗಿ, ಹೊಸ ಕ್ರಾಸು ಸಹ ಬೇಗನೆ ಹಾಳಾಗುತ್ತದೆ. ಹೊಸ ಬಟ್ಟಲನ್ನು ಕೂರಿಸುವಾಗ ಒಂದು ಸೂಜಿ ರೋಲರು ಅಡ್ಡಬಿದ್ದು ತಳ ಸೇರುವುದು ಪದೇ ಪದೇ ಆಗುವ ತಪ್ಪು. ಸರ್ಕ್ಲಿಪ್ಪು ತನ್ನ ಗಾಡಿಯೊಳಗೆ ಕೂರದಿದ್ದರೆ ಬಲಪ್ರಯೋಗ ಮಾಡದೆ ಬಟ್ಟಲನ್ನು ಹೊರತೆಗೆದು ನೋಡಬೇಕು. ಗ್ರೀಸ್ ನಿಪ್ಪಲು ಗ್ರೀಸ್ ಗನ್ನಿಗೆ ಎಟಕುವ ಕಡೆಗೆ ಮುಖ ಮಾಡಿರಲಿ. ಜೋಡಿಸಿದ ಮೇಲೆ ಕೀಲು ಕೈಯಿಂದ ಸರಾಗವಾಗಿ ಬಾಗಬೇಕು, ಆದರೆ ಅಲುಗಬಾರದು. ಬೋಲ್ಟುಗಳು ತಯಾರಕರು ಸೂಚಿಸಿದ ದರ್ಜೆಯವೇ ಆಗಿರಬೇಕು. ಡಬ್ಬಿಯಲ್ಲಿ ಸಿಕ್ಕಿದ ಸಾಮಾನ್ಯ ಬೋಲ್ಟು ಇಲ್ಲಿ ಸಲ್ಲದು.

ಬಟ್ಟಲು ಯೋಕಿನ ರಂಧ್ರದಲ್ಲಿ ಬಿಗಿಯಾಗಿ ಕೂರದೆ ತಾನಾಗಿ ಜಾರಿ ಇಳಿಯುವಂತಿದ್ದರೆ ಪ್ರಶ್ನೆ ಬದಲಾಗುತ್ತದೆ. ಆಗ ಸವೆದಿರುವುದು ಯೋಕು. ರಂಧ್ರದ ಸುತ್ತ ಪಂಚಿನಿಂದ ಕುಟ್ಟಿ ಬಿಗಿ ಮಾಡುವುದು, ತಗಡಿನ ಚೂರು ತೂರಿಸುವುದು, ಬಟ್ಟಲಿಗೆ ವೆಲ್ಡಿಂಗ್ ಚುಕ್ಕೆ ಹಾಕುವುದು ಇವೆಲ್ಲ ಕೆಲವು ಗ್ಯಾರೇಜುಗಳಲ್ಲಿ ನಡೆಯುವ ಉಪಾಯಗಳು. ಇವು ಯಾವುವನ್ನೂ ಒಪ್ಪಬಾರದು. ಓಡುವಾಗ ಬಟ್ಟಲು ಹಾರಿ ಶಾಫ್ಟಿನ ಮುಂತುದಿ ಕಳಚಿ ನೆಲಕ್ಕೆ ಬಿದ್ದರೆ, ಅದು ರಸ್ತೆಯಲ್ಲಿ ನಾಟಿ ವಾಹನವನ್ನೇ ಎತ್ತಿ ಹಾಕಬಲ್ಲದು. ಸ್ಪ್ಲೈನ್ ಮೇಲೆ ಕೆಳಗೆ ಅಲುಗುತ್ತಿದ್ದರೆ ಅದರ ಎರಡೂ ಭಾಗಗಳನ್ನು ಜೊತೆಯಾಗಿಯೇ ಬದಲಾಯಿಸಬೇಕು. ಕೊಳವೆಗೆ ಕಲ್ಲು ತಾಗಿ ತಗ್ಗಾಗಿದ್ದರೆ ಅಥವಾ ಶಾಫ್ಟು ಬಾಗಿದ್ದರೆ ಹೊಸ ಶಾಫ್ಟೇ ಲೇಸು. ಹೊಸ ಕೊಳವೆ ಹಾಕಿಸುವುದಾದರೆ, ಲೇತಿನ ಮೇಲೆ ನೇರತನವನ್ನೂ ಯಂತ್ರದ ಮೇಲೆ ಸಮತೋಲವನ್ನೂ ಪರೀಕ್ಷಿಸುವ ಕಾರ್ಯಾಗಾರದಲ್ಲಿ ಮಾತ್ರ ಹಾಕಿಸಬೇಕು.

ಆಕ್ಸಲ್ ಶಾಫ್ಟಿನ ವಿಷಯದಲ್ಲಿ ಚರ್ಚೆಗೆ ಎಡೆಯೇ ಇಲ್ಲ. ಅದರ ಹಲ್ಲುಗಳು ತಿರುಚಿಕೊಂಡಿದ್ದರೆ, ಬಿರುಕು ಬಿಟ್ಟಿದ್ದರೆ, ಬದಲಾವಣೆಯೊಂದೇ ದಾರಿ. ಕಾಯಿಸಿ ತಣಿಸಿ ಗಡಸುಗೊಳಿಸಿದ ಉಕ್ಕಿಗೆ ವೆಲ್ಡಿಂಗಿನ ಕಾವು ತಗಲಿದೊಡನೆ ಆ ಗಡಸುತನ ಕೆಡುತ್ತದೆ. ಕೆಲವು ವಾಹನಗಳಲ್ಲಿ ಚಕ್ರವನ್ನು ಹಿಡಿದು ನಿಲ್ಲಿಸುವುದೂ ಈ ಶಾಫ್ಟೇ ಆಗಿರುವುದರಿಂದ, ಅದು ಮುರಿದರೆ ಚಕ್ರವೇ ಕಳಚಿಹೋಗಬಹುದು. ಮುಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಇರುವ ಈಚಿನ ವಾಹನಗಳಲ್ಲಿ ಕ್ರಾಸಿಗೆ ಬದಲಾಗಿ ಗುಂಡುಗಳಿರುವ ಸಿ.ವಿ. ಜಾಯಿಂಟುಗಳಿದ್ದು, ಅವಕ್ಕೆ ರಬ್ಬರಿನ ಮುಸುಕು ಇರುತ್ತದೆ. ಮುಸುಕು ಹರಿದುದನ್ನು ಕೂಡಲೇ ಕಂಡರೆ ಮುಸುಕು, ಗ್ರೀಸುಗಳ ಖರ್ಚಿನಲ್ಲಿ ಮುಗಿಯುತ್ತದೆ. ಪೂರ್ತಿ ತಿರುವಿನಲ್ಲಿ 'ಕಟಕಟ' ಸದ್ದು ಬರುವವರೆಗೆ ಕಾದರೆ ಜಾಯಿಂಟನ್ನೇ ಕೊಳ್ಳಬೇಕಾಗುತ್ತದೆ.

ದಾರಿಯಲ್ಲಿ ಕೆಟ್ಟಾಗ

ಹಳೆಯ ಜೀಪಿನಲ್ಲಿ ಒಂದು ಅನುಕೂಲವುಂಟು. ಮುಂದಿನ ಶಾಫ್ಟು ಕೆಟ್ಟರೆ ಅದನ್ನು ಬಿಚ್ಚಿ ಟು ವೀಲಿನಲ್ಲಿ ಮುಂದುವರಿಯಬಹುದು. ಹಿಂದಿನದು ಕೆಟ್ಟರೆ ಅದನ್ನು ಬಿಚ್ಚಿ, ಫೋರ್ ವೀಲ್ ಹಾಕಿ, ಹೈ ಗಿಯರಿನಲ್ಲಿ ಮುಂದಿನ ಚಕ್ರಗಳ ಬಲದಿಂದಲೇ ನಿಧಾನವಾಗಿ ಗ್ಯಾರೇಜು ತಲುಪಬಹುದು. ನಡುವೆ ಡಿಫರೆನ್ಷಿಯಲ್ ಇರುವ, ಸದಾ ನಾಲ್ಕು ಚಕ್ರಗಳಿಗೂ ಬಲ ಕೊಡುವ ವಾಹನಗಳಿಗೆ ಇದು ಹಾಗೆಯೇ ಅನ್ವಯಿಸುವುದಿಲ್ಲ. ಆದರೆ ಹ್ಯಾಂಡ್ ಬ್ರೇಕಿನ ಬಗ್ಗೆ ಮೇಲೆ ಹೇಳಿದುದನ್ನು ನೆನಪಿಟ್ಟು, ಪ್ರತಿ ಬಾರಿ ನಿಲ್ಲಿಸಿದಾಗಲೂ ಕಲ್ಲು ಕೊಡಬೇಕು.

ದುರಸ್ತಿಯ ನಂತರ ಒಂದೆರಡು ದಿನ ಓಡಿಸಿ ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಹೊಳೆ ಹಳ್ಳ ದಾಟಿದ ಮೇಲೆ, ನಾಲ್ಕು ಬಟ್ಟಲುಗಳಿಂದಲೂ ಹಳೆಯ ಗ್ರೀಸು ಹೊರಬರುವವರೆಗೆ ಹೊಸ ಗ್ರೀಸು ತುಂಬಬೇಕು. ಮಲೆನಾಡಿನ ಮಳೆಗಾಲದಲ್ಲಿ ಇದನ್ನು ತಿಂಗಳ ಕೆಲಸವೆಂದು ಭಾವಿಸದೆ ವಾರದ ಕೆಲಸವೆಂದು ತಿಳಿಯುವುದು ಒಳಿತು.

ಬದಲಾಯಿಸಿದ ಹಳೆಯ ಭಾಗಗಳನ್ನು ಗ್ಯಾರೇಜಿನಿಂದ ಕೇಳಿ ಪಡೆಯಿರಿ. ಹಾಕಿದ ಭಾಗಗಳ ಹೆಸರಿರುವ ರಸೀದಿಯನ್ನೂ ಪಡೆಯಿರಿ. ಹಣ ಕೊಟ್ಟು ಮಾಡಿಸಿದ ದುರಸ್ತಿಯಲ್ಲಿ ನ್ಯೂನತೆಯಿದ್ದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಮೇರೆಗೆ ಎರಡು ವರ್ಷಗಳೊಳಗಾಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಜೀಪು ಓಡಿಸುವವರೂ ಈ ಅಧಿನಿಯಮದಲ್ಲಿ ಗ್ರಾಹಕರೇ ಆಗಿರುತ್ತಾರೆ.