ಕೋತಿ ಕೂಗುತ್ತದೆಯೋ, ಕೇಳುತ್ತದೆಯೋ? ಬಂಡೀಪುರದ ಒಂದು ಅಧ್ಯಯನ ಮತ್ತು ಕನ್ನಡ ಕ್ರಿಯಾಪದಗಳು

ಸಾರಾಂಶ: ಪ್ರಾಣಿಗಳ ಉದ್ದೇಶಪೂರ್ವಕ ಸಂವಹನವನ್ನು ಗುರುತಿಸುವ ಮಾನದಂಡಗಳನ್ನು ‘ಕೇಳು’ ಕ್ರಿಯಾಪದದ ಅರ್ಥರಚನೆಯ ನೆರವಿನಿಂದ ಈ ಲೇಖನ ವಿವರಿಸುತ್ತದೆ.

ಕೀಲಿಪದಗಳು: ಉದ್ದೇಶಪೂರ್ವಕ ಸಂವಹನ, ಹಾವಭಾವ, ಕ್ರಿಯಾಪದ, ಬಾನೆಟ್ ಮಕಾಕ್

1. ಸಮಸ್ಯೆ

ಪ್ರಾಣಿಗಳ ದನಿಗೆ ಕನ್ನಡದಲ್ಲಿ ಪ್ರತ್ಯೇಕ ಕ್ರಿಯಾಪದಗಳಿವೆ: ನಾಯಿ ಬೊಗಳುತ್ತದೆ, ಆನೆ ಘೀಳಿಡುತ್ತದೆ, ನರಿ ಊಳಿಡುತ್ತದೆ. ಇವು ದನಿಯನ್ನು ಹೆಸರಿಸುತ್ತವೆಯೇ ಹೊರತು ಪ್ರಾಣಿಯ ಉದ್ದೇಶವನ್ನಲ್ಲ. ಮನುಷ್ಯನ ಕುರಿತು ‘ಬೊಗಳಿದ’ ಎಂದರೆ ಬೈಗುಳವಾಗುತ್ತದೆ. ಅದು ಮಾತಿನ ಅರ್ಥವನ್ನು ಕಳೆದು ಸದ್ದನ್ನಷ್ಟೇ ಉಳಿಸುತ್ತದೆ. ‘ಕೇಳು’ ಹಾಗಲ್ಲ. ‘ಕೋತಿ ನಮ್ಮನ್ನು ತಿಂಡಿ ಕೇಳುತ್ತಿದೆ’ ಎಂಬ ವಾಕ್ಯದಲ್ಲಿ ಕೇಳುವ ಜೀವಿ, ಯಾರನ್ನು ಕೇಳಲಾಗುತ್ತಿದೆಯೋ ಅವರು, ಬಯಸಿದ ವಸ್ತು ಎಂಬ ಮೂರು ಅಂಶಗಳಿವೆ. ಇದು ಮಾನವಗುಣದ ಆರೋಪವೇ, ಪರೀಕ್ಷಿಸಬಹುದಾದ ಹೇಳಿಕೆಯೇ?

2. ಅಧ್ಯಯನ

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಹಾಗೂ ಸಹಸಂಶೋಧಕರಾದ ಅದ್ವೈತ್ ದೇಶಪಾಂಡೆ, ಶ್ರೀಜಾತಾ ಗುಪ್ತ ಅವರು 2018ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಇದಕ್ಕೆ ಸಂಬಂಧಿಸಿದ ಪ್ರಬಂಧವನ್ನು ಪ್ರಕಟಿಸಿದರು. ಬಂಡೀಪುರದ ಬಾನೆಟ್ ಮಕಾಕ್ ಕೋತಿಗಳು ಮನುಷ್ಯರಿಂದ ಆಹಾರ ಪಡೆಯಲು ತೋರುವ ನಾಲ್ಕು ವರ್ತನೆಗಳನ್ನು ಅವರು ಸಹಜ ವೀಕ್ಷಣೆ ಮತ್ತು ಕ್ಷೇತ್ರಪ್ರಯೋಗಗಳ ಮೂಲಕ ಪರಿಶೀಲಿಸಿದರು: ‘ಕೂ’ ಎಂಬ ಕರೆ, ಕೈಚಾಚುವಿಕೆ, ಮೈಯನ್ನು ಮನುಷ್ಯನತ್ತ ತಿರುಗಿಸುವುದು, ಅವನನ್ನು ಗಮನಿಸುತ್ತಿರುವುದು. ಈ ಕೋತಿಗಳಿಗೆ ಯಾರೂ ತರಬೇತಿ ನೀಡಿರಲಿಲ್ಲ.

3. ಮಾನದಂಡಗಳು

ಸಂಜ್ಞೆಯೊಂದು ಉದ್ದೇಶಪೂರ್ವಕವೆನಿಸಬೇಕಾದರೆ ಅದನ್ನು ಒಬ್ಬ ಗ್ರಾಹಕನಿಗಾಗಿಯೇ ಮಾಡಿರಬೇಕು, ಅವನ ಗಮನ ತನ್ನತ್ತ ಇದೆಯೇ ಎಂದು ನೋಡಿರಬೇಕು, ಪ್ರತಿಕ್ರಿಯೆಗೆ ಕಾಯಬೇಕು, ಗುರಿ ಈಡೇರುವವರೆಗೆ ಯತ್ನ ಮುಂದುವರಿಸಬೇಕು. ಮೊದಲ ಮೂರು ‘ನಮ್ಮನ್ನು’ ಎಂಬ ಪದದ ಸ್ಥಾನವನ್ನೂ ಕೊನೆಯದು ‘ತಿಂಡಿ’ಯ ಸ್ಥಾನವನ್ನೂ ಪರೀಕ್ಷಿಸುತ್ತವೆ. ಹಸಿವಿನಿಂದ ತಾನಾಗಿ ಹೊಮ್ಮುವ ಕೂಗಿಗೆ ಕೇಳುಗ ಬೇಕಿಲ್ಲ, ಕೋರಿಕೆಗೆ ಬೇಕು. ಬಂಡೀಪುರದ ಕೋತಿಗಳು ಇಂಥ ಸಂವಹನಕ್ಕೆ ಸಮರ್ಥವಿರಬಹುದೆಂಬುದು ಸಂಶೋಧಕರ ಎಚ್ಚರಿಕೆಯ ತೀರ್ಮಾನ.

4. ಮಿತಿ ಮತ್ತು ಫಲಿತ

ಇದು ಭಾಷೆಯಲ್ಲ. ಇಲ್ಲಿ ವಸ್ತುವಿಗೆ ಹೆಸರಿಲ್ಲ, ಪದಗಳನ್ನು ಜೋಡಿಸುವ ವ್ಯಾಕರಣವಿಲ್ಲ. ಆದರೆ ‘ಕೇಳು’ ಎಂಬ ಕ್ರಿಯೆಗೆ ಅಗತ್ಯವಾದ ಉದ್ದೇಶ ಮತ್ತು ಗ್ರಾಹಕಪ್ರಜ್ಞೆ ವ್ಯಾಕರಣಕ್ಕಿಂತ ಮುಂಚೆಯೇ ಇರಬಲ್ಲವು ಎಂಬ ವಾದಕ್ಕೆ ಇದು ಬಲ ನೀಡುತ್ತದೆ. ಬೆಳ್ಳಂದೂರಿನ ಚಹಾದಂಗಡಿಯ ಮುಂದೆ ಬಿಸ್ಕತ್ತಿಗಾಗಿ ನಿಲ್ಲುವ ಬೀದಿನಾಯಿಯ ಕುರಿತೂ ಇದೇ ಪ್ರಶ್ನೆಗಳನ್ನು ಕೇಳಬಹುದು: ಗಿರಾಕಿ ಬೆನ್ನು ತಿರುಗಿಸಿದರೆ ಅದು ಸ್ಥಳ ಬದಲಿಸುವುದೇ? ಬಿಸ್ಕತ್ತು ಸಿಕ್ಕಮೇಲೆ ಸುಮ್ಮನಾಗುವುದೇ?

ಕೋರಿಕೆ ಎಂದ ಮೇಲೆ ಕೊಡುವವರೂ ಅದರ ಭಾಗ. ಪ್ರತಿ ಬಾರಿ ತಿಂಡಿ ದೊರೆತಾಗಲೂ ಚಾಚಿದ ಕೈಯ ಅರ್ಥ ಗಟ್ಟಿಯಾಗುತ್ತದೆ, ಕೋತಿ ವಾಹನಗಳೋಡುವ ರಸ್ತೆಗೆ ಇನ್ನಷ್ಟು ಸಮೀಪವಾಗುತ್ತದೆ. ವನ್ಯಪ್ರಾಣಿಗಳಿಗೆ ಆಹಾರ ನೀಡಬಾರದೆಂಬ ನಿಯಮ ಈ ದೃಷ್ಟಿಯಿಂದ ಸಂವಹನಕ್ಕೂ ಸಂಬಂಧಿಸಿದ್ದು: ಆ ಸಂಜ್ಞೆಯನ್ನು ಉಳಿಸುತ್ತಿರುವುದು ನಮ್ಮ ಉತ್ತರ.