ಮಂಜಿನಲ್ಲಿ ಛಾಯಾಚಿತ್ರ

ಕನ್ನಡದಲ್ಲಿ ಮಂಜು ಎಂಬ ಮಾತಿಗೆ ಹೊರೆ ಹೆಚ್ಚು. ಹಿಮಾಲಯದ ನೆತ್ತಿಯ ಮೇಲೆ ಗಟ್ಟಿಯಾಗಿ ಕುಳಿತಿರುವುದೂ ಮಂಜು, ಮಾಗಿಯ ಬೆಳಗಿನಲ್ಲಿ ನಮ್ಮ ಕೆರೆಯ ಮೇಲೆ ಹೊಗೆಯಂತೆ ಏಳುವುದೂ ಮಂಜು. ನೀಹಾರ, ತುಷಾರ, ತುಹಿನ ಎಂಬ ಮಾತುಗಳು ಸಂಸ್ಕೃತದಿಂದ ಬಂದು ಸೇರಿಕೊಂಡರೂ ಅವುಗಳ ನಡುವೆ ಗೆರೆ ಎಳೆಯುವ ಗೋಜಿಗೆ ನಾವು ಹೋಗಲಿಲ್ಲ. ಹವಾಮಾನ ಶಾಸ್ತ್ರಜ್ಞರಾದರೋ ಅಳತೆಗೋಲು ಹಿಡಿದೇ ನಿಂತಿದ್ದಾರೆ. 1,000 ಮೀಟರ್ ದೂರದ ವಸ್ತು ಕಾಣದಿದ್ದರೆ ಅದು ದಟ್ಟಮಂಜು, ಕಂಡರೆ ತೆಳುಮಂಜು. ಕಣ್ಣು ಎಷ್ಟು ದೂರ ಹೋಗಬಲ್ಲದು ಎಂಬುದೇ ಅವರಿಗೆ ಲೆಕ್ಕ. ಕ್ಯಾಮೆರಾ ಹಿಡಿದು ಮಂಜಿಗೆ ಇಳಿಯುವವನೂ ಮೊದಲು ಹಾಕಬೇಕಾದ ಲೆಕ್ಕ ಇದೇ.

ನಾನು ವೃತ್ತಿಯಿಂದ ಕನ್ನಡದ ಮೇಷ್ಟ್ರು. ಮಡಿಕೇರಿಯಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಹತ್ತಿದ ಛಾಯಾಚಿತ್ರದ ಗೀಳು ನಿವೃತ್ತಿಯ ನಂತರವೂ ಬಿಟ್ಟಿಲ್ಲ. ಸುಮಾರು 1,150 ಮೀಟರ್ ಎತ್ತರದ ಆ ಊರಿಗೆ ಎರಡು ಬಗೆಯ ಮಂಜುಂಟು. ಡಿಸೆಂಬರ್, ಜನವರಿಗಳಲ್ಲಿ ಆಕಾಶ ತಿಳಿಯಾಗಿರುವ ರಾತ್ರಿ ನೆಲ ತನ್ನ ಕಾವನ್ನು ಕಳೆದುಕೊಳ್ಳುತ್ತದೆ. ತಣಿದು ಭಾರವಾದ ಗಾಳಿ ಇಳಿಜಾರಿನಲ್ಲಿ ಜಾರಿ ಕಣಿವೆಯಲ್ಲಿ ತಂಗುತ್ತದೆ. ಅದರೊಳಗಿನ ತೇವ ಹನಿಗಟ್ಟುತ್ತದೆ. ಬೆಳಗ್ಗೆ ರಾಜಾಸೀಟಿನಲ್ಲಿ ನಿಂತವನಿಗೆ ಮಂಜು ಕಾಲ ಕೆಳಗಿರುತ್ತದೆ. ಮಳೆಗಾಲದ ಮಂಜು ಬೇರೆ. ಅರಬ್ಬೀ ಸಮುದ್ರದ ಗಾಳಿ ಘಟ್ಟವನ್ನೇರುತ್ತ ತಣ್ಣಗಾಗಿ ಮೋಡವಾಗುತ್ತದೆ. ಆ ಮೋಡವೇ ಊರೊಳಗೆ ನಡೆದು ಬರುತ್ತದೆ. ಆಗ ನಾವು ಅದರ ಹೊಟ್ಟೆಯಲ್ಲಿರುತ್ತೇವೆ. ಮೊದಲನೆಯದರಲ್ಲಿ ಬೆಟ್ಟಗಳು ದ್ವೀಪಗಳಂತೆ ಸಾಲುಗಟ್ಟಿ ಚಿತ್ರಕ್ಕೆ ಒದಗುತ್ತವೆ. ಎರಡನೆಯದರಲ್ಲಿ ಸಿಕ್ಕುವುದು ಒಂದು ಸಿಲ್ವರ್ ಓಕ್ ಮರ, ಒಂದು ಬೇಲಿ, ಹತ್ತು ಮಾರು ರಸ್ತೆ. ನನಗೆ ಪ್ರಿಯವಾದದ್ದು ಎರಡನೆಯದು.

ಮಂಜಿನ ಹನಿ ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಕಿರಿದು. ಆದರೆ ಬೆಳಕಿನ ಅಲೆಯ ಉದ್ದಕ್ಕೆ ಹೋಲಿಸಿದರೆ ಬಲು ದೊಡ್ಡದು. ಆದ್ದರಿಂದ ಅದು ಕೆಂಪು, ನೀಲಿ ಎಂಬ ಭೇದವಿಲ್ಲದೆ ಎಲ್ಲ ಬಣ್ಣಗಳನ್ನೂ ಒಂದೇ ಸಮನೆ ಚದುರಿಸುತ್ತದೆ. ಮಂಜು ಬೆಳ್ಳಗಿರುವುದು ಇದರಿಂದ. ದೂರದ ಬೆಟ್ಟದ ನೀಲಿ ಮಸುಕನ್ನು ಕೆಂಪು ಫಿಲ್ಟರಿನಿಂದ ತೆಳುವಾಗಿಸುವುದು ಕಪ್ಪು ಬಿಳುಪು ಫಿಲ್ಮಿನ ಕಾಲದ ಜಾಣತನ. ಮಂಜಿನೆದುರು ಆ ಜಾಣತನ ನಡೆಯದು. ಇನ್ನೊಂದು ಸಂಗತಿಯಿದೆ. ಸಮನಾದ ಮಂಜಿನಲ್ಲಿ ಮೊದಲ ನೂರು ಮೀಟರಿಗೆ ವಸ್ತುವಿನ ಕಪ್ಪು ಬಿಳುಪಿನ ಅಂತರ ಅರ್ಧವಾದರೆ, ಇನ್ನೂರಕ್ಕೆ ಕಾಲುಭಾಗ, ಮುನ್ನೂರಕ್ಕೆ ಅರೆಕಾಲು ಉಳಿಯುತ್ತದೆ. ಹತ್ತಿರದ ಮರ ಇದ್ದಿಲಿನಂತೆ, ಅದರಾಚೆಯದು ಬೂದಿಯಂತೆ, ಅದಕ್ಕೂ ಆಚೆಯದು ಬರಿಯ ಅನುಮಾನದಂತೆ ಕಾಣುವುದು ಈ ಲೆಕ್ಕದಿಂದ. ಹತ್ತಿರದಲ್ಲಿ ಕಪ್ಪಾದದ್ದೊಂದು ಇಲ್ಲದಿದ್ದರೆ ಹಿಂದಿನ ಬಿಳುಪಿಗೆ ಆಳ ಬಾರದು. ಹೊಸಬರು ಮಂಜನ್ನೇ ಹಿಡಿಯಹೋಗಿ ಬರಿಯ ಹಾಳೆಯನ್ನು ಮನೆಗೆ ತರುತ್ತಾರೆ.

ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ಒಂದು ಹಟವಿದೆ. ಲೋಕವೆಲ್ಲ ಸರಾಸರಿ ಬೂದುಬಣ್ಣದ್ದು, ಬಿದ್ದ ಬೆಳಕಿನಲ್ಲಿ ನೂರಕ್ಕೆ 18 ಪಾಲನ್ನು ಹಿಂದಿರುಗಿಸುವಂಥದ್ದು ಎಂದು ಅದು ನಂಬಿದೆ. ಬಿಳಿಯ ಮಂಜನ್ನು ತೋರಿಸಿದರೆ, ಬೆಳಕು ಅತಿಯಾಯಿತೆಂದು ತಗ್ಗಿಸಿ ಮಂಜನ್ನು ಕೊಳೆಬಟ್ಟೆಯ ಬಣ್ಣಕ್ಕೆ ಇಳಿಸುತ್ತದೆ. ಅದು ಹೇಳಿದ್ದಕ್ಕಿಂತ ಒಂದು ಅಥವಾ ಒಂದೂವರೆ ಸ್ಟಾಪ್ ಹೆಚ್ಚು ಬೆಳಕನ್ನು ನಾವೇ ಕೊಡಬೇಕು. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ. ತಾನೇ ಫೋಕಸ್ ಮಾಡಿಕೊಳ್ಳುವ ಯಂತ್ರವೂ ಮಂಜಿನಲ್ಲಿ ಹಿಡಿತ ಸಿಕ್ಕದೆ ಹಿಂದಕ್ಕೂ ಮುಂದಕ್ಕೂ ತಡಕಾಡುತ್ತದೆ; ಕೊಂಬೆಯೊಂದರ ಅಂಚನ್ನು ಹಿಡಿದು ಕೈಯಿಂದಲೇ ಸರಿಪಡಿಸುವುದು ಲೇಸು. ಫ್ಲಾಷ್ ಬೇಡವೇ ಬೇಡ. ಘಾಟಿಯಲ್ಲಿ ಮೋಟಾರಿನ ದೊಡ್ಡ ದೀಪ ಹಾಕಿದರೆ ಮುಂದೆ ಬಿಳಿಗೋಡೆ ಏಳುವುದಿಲ್ಲವೇ, ಹಾಗೆಯೇ ಇದೂ. ಸೂರ್ಯನಿಗೆ ಬೆನ್ನು ಮಾಡಬೇಕೆಂಬ ಹಳೆಯ ಉಪದೇಶವನ್ನೂ ಇಲ್ಲಿ ಮರೆಯಬಹುದು. ಹನಿಗಳು ಬೆಳಕನ್ನು ಬಹುಮಟ್ಟಿಗೆ ಮುಂದಕ್ಕೇ ಚೆಲ್ಲುವುದರಿಂದ ಸೂರ್ಯನ ಕಡೆಗೆ ನೋಡಿದಾಗಲೇ ಮಂಜು ಬೆಳಗುತ್ತದೆ.

ಈಗಿನ ಫೋನುಗಳಲ್ಲೂ ಚಿತ್ರ ತಿದ್ದುವ ಗಣಕ ತಂತ್ರಗಳಲ್ಲೂ ಮಸುಕನ್ನು ತೆಗೆದುಹಾಕುವ ಸೌಲಭ್ಯವುಂಟು. ಬೆರಳನ್ನು ಜಾರಿಸಿದರೆ ಅಡಗಿದ್ದ ಬೆಟ್ಟ ಎದ್ದು ನಿಲ್ಲುತ್ತದೆ. ಮಂಜಿಗಾಗಿ ನಸುಕಿನಲ್ಲೆದ್ದು ಹೋದವನು ಮನೆಗೆ ಬಂದು ಅದನ್ನೇ ಒರೆಸಿಹಾಕುವುದು ನನಗೆ ವಿಚಿತ್ರವೆನಿಸುತ್ತದೆ. ವೈದ್ಯಶಿಕ್ಷಣ ಪಡೆದು ಛಾಯಾಚಿತ್ರಕ್ಕೆ ಒಲಿದ ಪೀಟರ್ ಹೆನ್ರಿ ಎಮರ್ಸನ್ ಎಂಬಾತ ಇಂಗ್ಲೆಂಡಿನ ನಾರ್ಫೋಕ್ ಜೌಗುಭೂಮಿಯಲ್ಲಿ ತೆಗೆದ ಚಿತ್ರಗಳು 1895ರಲ್ಲಿ ‘ಮಾರ್ಶ್ ಲೀವ್ಸ್’ ಎಂಬ ಪುಸ್ತಕವಾಗಿ ಬಂದವು. ಅವುಗಳಲ್ಲಿ ಕೆಲವು ಹೆಚ್ಚುಕಡಿಮೆ ಖಾಲಿ; ಎಲ್ಲೋ ಒಂದು ಗಿಡ, ಎಲ್ಲೋ ಒಂದು ದೋಣಿ. ಕಾಣದ್ದನ್ನು ಕಾಣದಂತೆಯೇ ಬಿಡುವ ಧೈರ್ಯ ಆತನಿಗಿತ್ತು.

ಆದರೆ ಕಾಣದಂತೆ ಬಿಡುವುದರಲ್ಲಿ ಒಂದು ಅಪಾಯವೂ ಇದೆ. 2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದು ಮನೆಗಳು, ತೋಟಗಳು, ಜೀವಗಳು ಹೋದವು. ಮರುವರ್ಷ ನಾನು ಆ ದಾರಿಯ ಒಂದೇ ತಿರುವಿನಲ್ಲಿ ನಿಂತು ಎರಡು ಚಿತ್ರ ತೆಗೆದೆ. ಬೆಳಗಿನದರಲ್ಲಿ ಮಂಜಿನ ಮೇಲೆ ತೇಲುವ ಮೂರು ಸಾಲು ಬೆಟ್ಟ, ಎಲ್ಲಿಯೂ ಕುಂದಿಲ್ಲ. ಮಧ್ಯಾಹ್ನದ್ದರಲ್ಲಿ ನಡುವಣ ಬೆಟ್ಟದ ಮೈ ನೆತ್ತಿಯಿಂದ ಬುಡದವರೆಗೆ ಸುಲಿದ ಕೆಂಪುಮಣ್ಣು. ಕ್ಯಾಲೆಂಡರಿಗೆಂದು ಕೇಳಿಬಂದವರೊಬ್ಬರು ಎರಡನ್ನೂ ನೋಡಿ ಮೊದಲನೆಯದನ್ನು ಮಾತ್ರ ಬೇಡಿದರು. ಎರಡೂ ಜೊತೆಯಲ್ಲಿ ಅಚ್ಚಾಗುವುದಾದರೆ ಕೊಡುತ್ತೇನೆಂದೆ, ಅವರು ಒಪ್ಪಲಿಲ್ಲ. ನಾನು ಕೊಡಲಿಲ್ಲ.

ಮೊದಲನೆಯ ಚಿತ್ರ ಸುಳ್ಳೇ? ಆ ಗಳಿಗೆಯಲ್ಲಿ ಕಣ್ಣಿಗೆ ಕಂಡದ್ದು ಅದೇ. ಒಂಟಿಯಾಗಿ ಗೋಡೆಗೇರಿದರೆ ಮಾತ್ರ ಅದು ಊರಿನ ಮಾತನ್ನು ಮುಚ್ಚಿಹಾಕುತ್ತದೆ. ಪ್ರವಾಸಿ ಮಂಜಿಗಾಗಿ ಹಾರೈಸುವ ಹೊತ್ತಿನಲ್ಲೇ ಕಾಫಿ ಕೊಯ್ದು ಕಣದಲ್ಲಿ ಹರವಿದವನು ಬಿಸಿಲಿಗಾಗಿ ಕಾಯುತ್ತಿರುತ್ತಾನೆಂಬುದನ್ನೂ ಆ ಚಿತ್ರ ಹೇಳುವುದಿಲ್ಲ. ಅಂದಿನಿಂದ ಮಂಜಿನ ಪ್ರತಿಯೊಂದು ಚಿತ್ರದ ಹಿಂದೆಯೂ ಸ್ಥಳ, ದಿನ, ಗಂಟೆಗಳನ್ನು ಬರೆದಿಡುತ್ತಿದ್ದೇನೆ. ಸಾಧ್ಯವಾದಾಗ ಬಿಸಿಲೇರಿದ ಮೇಲೆ ಅಲ್ಲಿಯೇ ನಿಂತು ಇನ್ನೊಂದನ್ನು ತೆಗೆಯುತ್ತೇನೆ.

ಹೋಗಬಯಸುವವರಿಗೆ ಒಂದೆರಡು ಮಾತು. ಚಳಿಗಾಲದ ಮಂಜು ಕರಗುವ ಹೊತ್ತೇ ಚಿತ್ರಕ್ಕೆ ಉತ್ತಮ; ಒಂದೊಂದು ನಿಮಿಷಕ್ಕೂ ಒಂದೊಂದು ಮರ ಹೊರಬರುತ್ತದೆ. ಚಿತ್ರದ ಚೌಕಟ್ಟಿಗಾಗಿ ಹಿಂದಕ್ಕೆ ಹೆಜ್ಜೆಯಿಡುವ ಮುನ್ನ ತಿರುಗಿ ನೋಡಿ. ಮಂಜಿನಲ್ಲಿ ರಸ್ತೆಯ ಅಂಚೂ ಪ್ರಪಾತದ ಅಂಚೂ ಒಂದೇ ಬಣ್ಣ. ಲೆನ್ಸಿನ ಮೇಲೆ ಹನಿ ಕೂರುತ್ತಲೇ ಇರುತ್ತದೆ, ಒರೆಸಲು ಎರಡು ಮೆತ್ತನೆಯ ಒಣಬಟ್ಟೆಗಳಿರಲಿ. ತಣ್ಣಗಾದ ಕ್ಯಾಮೆರಾವನ್ನು ಬೆಚ್ಚನೆಯ ಕೋಣೆಗೆ ತಂದೊಡನೆ ಚೀಲದಿಂದ ತೆಗೆಯಬೇಡಿ. ಅರ್ಧ ಗಂಟೆ ಚೀಲದೊಳಗೇ ಇದ್ದು ಅದು ಕೋಣೆಯ ಕಾವಿಗೆ ಬರಲಿ.