ಹದಿನೆಂಟಕ್ಕೆ ಒಂದು

ದೊಡ್ಡ ಹೋರಾಟಗಳ ಕಥೆಯಲ್ಲಿ ನಗರಸಭೆಯ ಸದಸ್ಯರಿಗೆ ಜಾಗ ಸಿಗುವುದು ಅಪರೂಪ. ಚರಂಡಿ, ಬೀದಿದೀಪ, ಕಂದಾಯದ ಜಗಳ ಬಿಟ್ಟರೆ ಅಲ್ಲಿ ಚರಿತ್ರೆಗೆ ಏನು ಸಿಕ್ಕೀತು ಎಂಬ ಉದಾಸೀನ. ಆದರೆ ಯಾರು ಯಾವ ಬೀದಿಯಲ್ಲಿ ಮನೆ ಮಾಡಬಹುದು ಎಂಬ ಪ್ರಶ್ನೆಯೂ ಕಡೆಗೆ ಅಲ್ಲಿಗೇ ಬರುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದಲ್ಲಿ ಆ ಪ್ರಶ್ನೆಯನ್ನು ಪಟ್ಟುಬಿಡದೆ ಎತ್ತಿದವರು ವೆಲ್ ಫಿಲಿಪ್ಸ್.

ಅವರು ಹುಟ್ಟಿದ್ದು 1924ರಲ್ಲಿ. 1951ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದ ಮೊದಲ ಕಪ್ಪು ಮಹಿಳೆ. 1956ರಲ್ಲಿ ನಗರಸಭೆಗೆ ಗೆದ್ದು ಬಂದರು. ಆ ಸಭೆಗೆ ಅವರೇ ಮೊದಲ ಮಹಿಳೆ, ಮೊದಲ ಕಪ್ಪು ಸದಸ್ಯೆ. ನಮ್ಮಲ್ಲಾದರೆ ಕಾರ್ಪೊರೇಟರ್ ಎನ್ನುತ್ತಿದ್ದೆವು.

ಕಾರ್ಖಾನೆ ಕೆಲಸ ಹುಡುಕಿಕೊಂಡು ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪು ಜನಕ್ಕೆ ಮಿಲ್ವಾಕಿಯಲ್ಲಿ ದುಡಿಮೆ ಸಿಗುತ್ತಿತ್ತು, ಬೇಕಾದ ಕಡೆ ಮನೆ ಸಿಗುತ್ತಿರಲಿಲ್ಲ. ಊರಿನ ಉತ್ತರ ಭಾಗದ ಹಳೆಯ, ಇಕ್ಕಟ್ಟಾದ ಕೇರಿಗಳೇ ಗತಿ. ಬಣ್ಣ ನೋಡಿ ಮನೆ ನಿರಾಕರಿಸುವಂತಿಲ್ಲ ಎಂಬ ಮಸೂದೆಯನ್ನು ಫಿಲಿಪ್ಸ್ 1962ರಲ್ಲಿ ಮಂಡಿಸಿದರು. ವಿರುದ್ಧ 18 ಮತ, ಪರ ಒಂದೇ ಒಂದು, ಅದೂ ಅವರದೇ. 1963ರಲ್ಲಿ ಮತ್ತೆ ತಂದರು. 1966ರಲ್ಲಿ ತಂದರು. 1967ರಲ್ಲೂ ತಂದರು. ಪ್ರತಿಸಲವೂ ಸೋಲು.

ಮೇಯರ್ ಹೆನ್ರಿ ಮೇಯರ್ ಅವರ ವಾದ ಹೀಗಿತ್ತು: ನಗರಕ್ಕೆ ಮಾತ್ರ ಈ ಕಾನೂನು ಬಂದರೆ ಬಿಳಿಯರು ಉಪನಗರಗಳಿಗೆ ಗುಳೆ ಎದ್ದುಬಿಡುತ್ತಾರೆ. ಮಾತಿನಲ್ಲಿ ಹುರುಳೇ ಇಲ್ಲವೆಂದಲ್ಲ, ಉಪನಗರಗಳೂ ಕಪ್ಪು ಜನಕ್ಕೆ ಬಾಗಿಲು ಹಾಕಿಕೊಂಡೇ ಇದ್ದವು. ಆದರೆ ನೆರೆಯವರು ತಿದ್ದಿಕೊಳ್ಳುವ ತನಕ ನಾವೂ ಅನ್ಯಾಯ ಮಾಡುತ್ತಿರೋಣ ಎನ್ನುವುದು ಯಾವ ಸೀಮೆಯ ನ್ಯಾಯ?

ಒಂಟಿ ಮತವೆಂದರೆ ವ್ಯರ್ಥವೆಂದು ಸುಲಭವಾಗಿ ಹೇಳಿಬಿಡಬಹುದು. ಇಲ್ಲಿ ಹಾಗಾಗಲಿಲ್ಲ. ಪ್ರತಿ ಮತದಾನದಲ್ಲೂ ಉಳಿದವರು ತಮ್ಮ ನಿಲುವನ್ನು ಕಡತದಲ್ಲಿ ದಾಖಲಿಸಬೇಕಾಗುತ್ತಿತ್ತು, ನುಣುಚಿಕೊಳ್ಳುವಂತಿರಲಿಲ್ಲ. ಸಭೆಯೊಳಗೆ ಸೋತ ಬೇಡಿಕೆ ಬೀದಿಗಿಳಿಯಿತು. 1967ರ ಆಗಸ್ಟ್ 28ರ ರಾತ್ರಿ ಕಪ್ಪು ಜನರ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿ ಯುವ ಘಟಕದವರು, ಪಾದ್ರಿ ಜೇಮ್ಸ್ ಗ್ರೊಪಿ ಜೊತೆಗೂಡಿ, ಊರಿನ ಉತ್ತರ, ದಕ್ಷಿಣ ಭಾಗಗಳ ನಡುವಿನ ಕಣಿವೆಯ ಮೇಲಿನ 16ನೇ ರಸ್ತೆಯ ಸೇತುವೆ ದಾಟಿ ಬಿಳಿಯರ ದಕ್ಷಿಣ ಭಾಗಕ್ಕೆ ಮೆರವಣಿಗೆ ಹೋದರು. ಆ ಕಡೆ ಕಾದಿದ್ದದ್ದು ಕಲ್ಲು, ಬಾಟಲಿ, ಬೈಗುಳ. ಮೆರವಣಿಗೆ ನಿಲ್ಲಲಿಲ್ಲ, ಸತತ 200 ರಾತ್ರಿ ನಡೆಯಿತು, ಮಿಲ್ವಾಕಿಯ ಹಿಮಗಾಲದಲ್ಲೂ. ಮೊದಲ ವಾರದಲ್ಲೇ ಒಂದು ಸಭೆಯಲ್ಲಿ ಪೊಲೀಸರು ಫಿಲಿಪ್ಸ್ ಅವರನ್ನೂ ಬಂಧಿಸಿದರು.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ವಾರದೊಳಗೆ, 11ರಂದು, ವಸತಿ ಭೇದಭಾವ ನಿಷೇಧಿಸುವ ಕೇಂದ್ರ ಕಾಯ್ದೆಗೆ ಅಧ್ಯಕ್ಷ ಜಾನ್ಸನ್ ಸಹಿ ಬಿತ್ತು. ಅದೇ ತಿಂಗಳ 30ರಂದು ಮಿಲ್ವಾಕಿ ನಗರಸಭೆ ಕೇಂದ್ರದ್ದಕ್ಕಿಂತ ಬಿಗಿಯಾದ ಕಾನೂನನ್ನು ಅಂಗೀಕರಿಸಿತು.

ಫಿಲಿಪ್ಸ್ ಮುಂದೆ 1971ರಲ್ಲಿ ನ್ಯಾಯಾಧೀಶರಾದರು. 1978ರಲ್ಲಿ ವಿಸ್ಕಾನ್ಸಿನ್‌ನ ಸೆಕ್ರೆಟರಿ ಆಫ್ ಸ್ಟೇಟ್ ಆಗಿ ಆಯ್ಕೆಯಾದರು; ಆ ರಾಜ್ಯದಲ್ಲಿ ಇಡೀ ರಾಜ್ಯದ ಮತದಾರರು ಆರಿಸುವ ಹುದ್ದೆಗೆ ಗೆದ್ದ ಮೊದಲ ಕಪ್ಪು ವ್ಯಕ್ತಿ ಅವರೇ. 2018ರಲ್ಲಿ ತೀರಿಕೊಂಡರು. ಮಿಲ್ವಾಕಿಯ 4ನೇ ರಸ್ತೆಗೆ ಅವರ ಹೆಸರಿಟ್ಟಿದ್ದಾರೆ. ರಾಜ್ಯದ ರಾಜಧಾನಿ ಮ್ಯಾಡಿಸನ್‌ನ ಶಾಸನಸಭಾ ಭವನದ ಆವರಣದಲ್ಲಿ 2024ರ ಜುಲೈನಲ್ಲಿ ಅವರ ಕಂಚಿನ ಪ್ರತಿಮೆ ಅನಾವರಣಗೊಂಡಿತು.

ಪ್ರತಿಮೆ ಬಂತು, ರಸ್ತೆಗೆ ಹೆಸರು ಬಂತು. ಮನೆಯ ವಿಷಯದಲ್ಲಿ ಮಾತ್ರ, ಅಮೆರಿಕದಲ್ಲಿ ಬಣ್ಣದ ಗಡಿ ಎದ್ದು ಕಾಣುವ ಮಹಾನಗರಗಳ ಪಟ್ಟಿಯಲ್ಲಿ ಮಿಲ್ವಾಕಿಯ ಹೆಸರು ಈಗಲೂ ಮೇಲಿನ ಸಾಲಿನಲ್ಲೇ ಇದೆ.